ಗ್ರೀಸರ್ ಗೆಲ್ಲತೊಡಗಿದ ವಾರ

ಗ್ರೀಸರ್‌ಗೆ ಕೇರಂ ಬರುತ್ತಿರಲಿಲ್ಲ. ಇದು ಹಡಗಿನಲ್ಲಿ ಕ್ಯಾಪ್ಟನ್ ಸಾಹೇಬರಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅರ್ಧ ಆಯುಷ್ಯ ನೀರಿನ ಮೇಲೆ ಕಳೆದು, ಬಿಡುವಿನ ಹೊತ್ತೆಲ್ಲ ಊಟದ ಕೋಣೆಯ ಬೋರ್ಡಿನ ಮುಂದೆ ಕೂತು ಅವನು ಕಲಿತದ್ದು ಸೋಲುವುದನ್ನು ಮಾತ್ರ. ರಾಣಿ ಗುಂಡಿಯ ಬಾಯಿಗೇ ಬಂದು ಕೂತಿದ್ದರೂ ಅವನ ಸ್ಟ್ರೈಕರ್ ಅದನ್ನು ಮುಟ್ಟದೆ ಪಕ್ಕದಲ್ಲಿ ಹಾದು ತಾನೇ ಒಳಗೆ ಬೀಳುತ್ತಿತ್ತು.

"ರಾಣೀನ ಕರೆಯೋಕೆ ಹೋದೋನು ತಾನೇ ಬಾವಿಗೆ ಬಿದ್ದ" ಎಂದು ಅಡುಗೆಯವನು ತೊಡೆ ತಟ್ಟಿ ನಗುತ್ತಿದ್ದ. ಅವನನ್ನು ಎಲ್ಲರೂ ಕುಕ್ಕಣ್ಣ ಎನ್ನುತ್ತಿದ್ದರು.

"ಹಡಗು ವಾಲಿಬಿಡ್ತು ಕುಕ್ಕಣ್ಣ, ನಂದೇನು ತಪ್ಪು?"

"ಹಡಗು ನಮಗೂ ವಾಲುತ್ತೆ ಕಣಯ್ಯ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ."

ಆದರೆ ಅಲ್ಲಿ ನೆಲ ನಿಜಕ್ಕೂ ಡೊಂಕಾಗುತ್ತಿತ್ತು. ಬೋರ್ಡು ಜಾರದಿರಲೆಂದು ಅದರ ಕೆಳಗೆ ಒದ್ದೆ ಬಟ್ಟೆ ಹಾಸುತ್ತಿದ್ದರು. ಪೌಡರ್ ಹಾಕುವಂತಿರಲಿಲ್ಲ, ಹಾಕಿದರೆ ಕಾಯಿಗಳೆಲ್ಲ ಕುರಿಮಂದೆಯ ಹಾಗೆ ಒಂದೇ ಬದಿಗೆ ಹೊರಟುಬಿಡುತ್ತಿದ್ದವು. ಹಡಗು ಎಡಕ್ಕೆ ವಾಲಿ, ಬಲಕ್ಕೆ ವಾಲುವ ಮುಂಚೆ, ನಡುವೆ ಒಂದು ಗಳಿಗೆ ಉಸಿರು ಬಿಗಿಹಿಡಿದಂತೆ ಸಮನಾಗುತ್ತದೆ. ಆ ಗಳಿಗೆಗೆ ಕಾದು ಹೊಡೆಯಬೇಕು. ಕುಕ್ಕಣ್ಣನಿಗೆ ಅದು ಬೆನ್ನುಮೂಳೆಯಲ್ಲೇ ತಿಳಿಯುತ್ತಿತ್ತು. ಗ್ರೀಸರ್‌ಗೆ ಕಾಯುವುದು ಮಾತ್ರ ಬಂದಿತ್ತು, ಹೊಡೆಯುವುದು ಬರಲಿಲ್ಲ. ಒಮ್ಮೆ ರಜೆಗೆ ಮನೆಗೆ ಹೋದಾಗ ಬೀದಿಯ ಮಕ್ಕಳೊಂದಿಗೆ ಆಡಲು ಕೂತು, ಅಲ್ಲಾಡದ ಬೋರ್ಡಿನ ಮುಂದೆ ಅಲೆಗಾಗಿ ಕಾಯುತ್ತ ಕೂತುಬಿಟ್ಟಿದ್ದ. "ಮಾಮ, ಹೊಡೀರಿ, ನಿದ್ದೆ ಬಂತಾ?" ಎಂದು ಮಕ್ಕಳು ಕೂಗಿದಾಗಲೇ ಎಚ್ಚರ.

ಗ್ರೀಸರ್ ಎಂದರೆ ಎಂಜಿನ್ನಿಗೆ ಎಣ್ಣೆ ಉಣಿಸುವವನು. ನಾಲ್ಕು ತಾಸು ಹಡಗಿನ ಹೊಟ್ಟೆಯೊಳಗೆ ಇಳಿದು, ಕಿವಿ ಮುಚ್ಚಿಕೊಂಡು, ಯಾವ ಕೀಲು ಬಿಸಿಯಾಗಿದೆ, ಯಾವ ಪೈಪು ಜಿನುಗುತ್ತಿದೆ ಎಂದು ಮುಟ್ಟಿ ನೋಡುತ್ತ, ಒರೆಸುತ್ತ ತಿರುಗುವುದು, ಆಮೇಲೆ ಎಂಟು ತಾಸು ಮೇಲೆ, ಮತ್ತೆ ಕೆಳಗೆ. ಕೆಳಗಿದ್ದಷ್ಟು ಹೊತ್ತು ಕಷ್ಟವಿರಲಿಲ್ಲ. ಆ ಸದ್ದಿನಲ್ಲಿ ಮನುಷ್ಯನಿಗೆ ತನ್ನ ಯೋಚನೆಯೇ ಕೇಳಿಸುವುದಿಲ್ಲ. ಮೇಲೆ ಬಂದು, ಸ್ನಾನ ಮಾಡಿ, ಉಂಡು, ಮಲಗಿ ಎದ್ದಮೇಲೂ ಹೊತ್ತು ಮಿಕ್ಕುತ್ತಿತ್ತಲ್ಲ, ಅದನ್ನು ಏನು ಮಾಡುವುದು? ಸುತ್ತ ಎತ್ತ ನೋಡಿದರೂ ನೀರು. ನಿನ್ನೆಯದೇ ನೀರೋ ಇವತ್ತಿನದೋ ಹೇಳಲು ಬಾರದು. ಕೆಲವರು ಡೆಕ್ಕಿನ ಮೇಲೆ ಗಾಣದ ಎತ್ತಿನಂತೆ ಸುತ್ತು ಹಾಕುತ್ತಿದ್ದರು. ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಹಳೆಯ ಹಗ್ಗ ಬಿಚ್ಚಿ ಕಾಲೊರಸುವ ಚಾಪೆ ಹೆಣೆಯುತ್ತಿದ್ದ. ಇಡೀ ಹಡಗಿನ ಬಾಗಿಲುಗಳಿಗೆ ಒಂದೊಂದು ಆಗಿ, ಎರಡನೆಯ ಸುತ್ತು ನಡೆದಿತ್ತು. ಇದ್ದ ನಾಲ್ಕಾರು ಸಿನಿಮಾ ಕ್ಯಾಸೆಟ್ಟುಗಳು ಎಲ್ಲರಿಗೂ ಬಾಯಿಪಾಠವಾಗಿ, ಈಗ ಟೀವಿಯ ಸದ್ದು ಅಡಗಿಸಿ ತಾವೇ ಮಾತು ಹೇಳುತ್ತಿದ್ದರು. ನಾಯಕಿಯ ಮಾತು ಯಂತ್ರ ರಿಪೇರಿಯ ಫಿಟ್ಟರನ ಪಾಲು. ಬೊಜ್ಜು ಹೊಟ್ಟೆಯ ಅವನು ಕೀರಲು ದನಿಯಲ್ಲಿ "ನನ್ನನ್ನು ಮರೆತುಬಿಡಿ" ಎನ್ನುವಾಗ ಮೊದಮೊದಲು ನಗು ಬರುತ್ತಿತ್ತು. ಬರುಬರುತ್ತ ಅದೂ ಬರಲಿಲ್ಲ.

ಗ್ರೀಸರ್‌ಗೆ ಮನೆಯಲ್ಲಿ ಮೂವರಿದ್ದರು: ಹೆಂಡತಿ, ಶಾಲೆಗೆ ಹೋಗುವ ಮಗಳು, ಅಕ್ಕ. ಅಕ್ಕ ಎಂದರೆ ಅವನಿಗೆ ತಾಯಿಯೂ ಹೌದು, ತಂದೆಯೂ ಹೌದು. ಹೆತ್ತವಳು ಅವನಿಗೆ ಬುದ್ಧಿ ಬರುವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದವನು ಮರಳಲಿಲ್ಲ. ಲಂಗ ಹಾಕುವ ವಯಸ್ಸಿನ ಅಕ್ಕ ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂತಳು. ಇಬ್ಬರೂ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳೆದರು. ಉಳಿದ ಬಟ್ಟೆಯಲ್ಲಿ ಅವಳು ಹೊಲಿದ ಅಂಗಿಗೆ ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು ಬಣ್ಣ. ಶಾಲೆಯಲ್ಲಿ ಹುಡುಗರು ನಕ್ಕರೆಂದು ಅತ್ತುಕೊಂಡು ಬಂದರೆ ಮರದ ಸ್ಕೇಲಿನಿಂದ ಎರಡು ಬಾರಿಸಿ, "ಬೆತ್ತಲೆ ಹೋಗ್ತೀಯಾ ಹಾಗಾದ್ರೆ?" ಎನ್ನುತ್ತಿದ್ದಳು. ಅವನನ್ನು ಕೈಹಿಡಿದು ಹಡಗಿನ ಕಚೇರಿಗೆ ಕರೆದೊಯ್ದವಳೂ ಅವಳೇ. ಈಜು ಬರುತ್ತದೆಯೇ ಎಂದು ಅಲ್ಲಿಯವರು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ, "ಮೀನಿನ ಥರ ಸಾರ್" ಎಂದುಬಿಟ್ಟಿದ್ದಳು. ಅವನಿಗೆ ಇವತ್ತಿಗೂ ಈಜು ಬಾರದು.

ಅಕ್ಕನಿಗೂ ಹೆಂಡತಿಗೂ ಹಾವು ಮುಂಗುಸಿ. ಕಿಟಕಿ ತೆರೆಯುವವಳು ಇವಳು, ಮುಚ್ಚುವವಳು ಅವಳು. ರಜೆಯಲ್ಲಿ ಅವನು ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ. "ನಿಮ್ಮ ಹಡಗಲ್ಲಿ ಕ್ಯಾಪ್ಟನ್ ಎಷ್ಟು ಜನ ರೀ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಒಬ್ಬರೇ ಎಂದಾಗ, "ಪುಣ್ಯ ಮಾಡಿದೀರಿ" ಎಂದು ಅಕ್ಕನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದಳು.

ಇಷ್ಟು ಅವನ ಸಂಸಾರ. ಇನ್ನು ಆ ಹಡಗಿನ ಒಂದು ಪದ್ಧತಿಯ ಮಾತು.

ಆಗ ಹಡಗಿನಲ್ಲಿ ಫೋನಿರಲಿಲ್ಲ. ಮನೆಯಲ್ಲಿ ಏನಾದರೂ ಆದರೆ ಅವರು ಕಂಪನಿಯ ಕಚೇರಿಗೆ ತಿಳಿಸಬೇಕು, ಕಚೇರಿಯಿಂದ ರೇಡಿಯೋ ಸಾಹೇಬರಿಗೆ ಬರಬೇಕು, ಅವರು ಕ್ಯಾಪ್ಟನ್ನಿಗೆ ಒಪ್ಪಿಸಬೇಕು. ನಡುಸಮುದ್ರದಲ್ಲಿ ಬಂದ ಸಾವಿನ ಸುದ್ದಿಯನ್ನು ಈ ಕ್ಯಾಪ್ಟನ್ ಸಾಹೇಬರು ಆಗಲೇ ಹೇಳುತ್ತಿರಲಿಲ್ಲ. ಹಿಂದೆ ಯಾವುದೋ ಹಡಗಿನಲ್ಲಿ ಒಬ್ಬನಿಗೆ ಹೇಳಿದ್ದರು. ಅವನು ಸರಿ ಸರ್ ಎಂದು ತಲೆಯಾಡಿಸಿ ಹೊರಗೆ ಹೋದವನು, ಮಾರನೆಯ ಬೆಳಿಗ್ಗೆ ಎಣಿಕೆಗೆ ಸಿಗಲಿಲ್ಲ. ಅಂದಿನಿಂದ ದಡ ಹತ್ತಿರವಾಗುವ ತನಕ ಸುದ್ದಿಯನ್ನು ತಡೆದಿಡುವುದು ರೂಢಿಯಾಯಿತು. ಆದರೆ ಸುದ್ದಿ ಸಂಬಂಧಪಟ್ಟವನಿಗೆ ಮಾತ್ರ ಗುಟ್ಟು. ಉಳಿದವರಿಗೆ ಬೋಸನ್ ಮೆಲ್ಲಗೆ ತಿಳಿಸುತ್ತಿದ್ದ: ಅವನ ಮೇಲೆ ಒಂದು ಕಣ್ಣಿಡಿ, ಒಂಟಿಯಾಗಿ ಬಿಡಬೇಡಿ, ನಗ್ತಾ ಇರಲಿ.

ಎರಡು ಪ್ರಯಾಣಗಳ ಹಿಂದೆ ಅದು ಕುಕ್ಕಣ್ಣನ ಪಾಲಿಗೆ ಬಂದಿತ್ತು. ಅವನ ಅಪ್ಪ ಸತ್ತಿದ್ದ. ಕೇರಂನಲ್ಲಿ ಅವನನ್ನು ಗೆಲ್ಲಿಸುವ ಅಗತ್ಯವಿರಲಿಲ್ಲ, ಅವನು ಹೇಗೂ ಗೆಲ್ಲುತ್ತಿದ್ದ. ಹಾಗಾಗಿ ಎಲ್ಲರೂ ಅವನ ಹಳಸಲು ಜೋಕುಗಳಿಗೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗ್ರೀಸರ್. ಬಂದರು ಕಾಣುವ ಹೊತ್ತಿಗೆ ಕ್ಯಾಪ್ಟನ್ ಸಾಹೇಬರು ಕುಕ್ಕಣ್ಣನನ್ನು ಕರೆಸಿ ಹೇಳಿದರು. ಅವನು ಅಡುಗೆಮನೆಗೆ ಹಿಂದಿರುಗಿ ಅನ್ನ ಬಸಿದಿಟ್ಟು ಇವರ ಬಳಿ ಬಂದ.

"ನನ್ನ ಜೋಕಿಗೆ ನೀವು ಯಾವತ್ತಾದ್ರೂ ನಕ್ಕಿದ್ರಾ? ಆಗಲೇ ನಂಗೆ ಗೊತ್ತಾಗಬೇಕಿತ್ತು" ಎಂದ. "ಅಪ್ಪ ಮಣ್ಣಿಗೆ ಹೋದಮೇಲೂ ನಾನಿಲ್ಲಿ ಹಲ್ಲು ಕಿರೀತಾ ಇದ್ದೆ. ಆ ನಗೂನ ಈಗ ಎಲ್ಲಿಗೆ ವಾಪಸ್ ಕೊಡ್ಲಿ?"

ಆದರೂ ಪದ್ಧತಿ ನಿಲ್ಲಲಿಲ್ಲ.

ಈ ಸಲದ ಪ್ರಯಾಣ ಎಲ್ಲಕ್ಕಿಂತ ಉದ್ದದ್ದು. ಅದಿರು ತುಂಬಿಕೊಂಡು ಹೊರಟ ಹಡಗಿಗೆ ನಡುವೆ ಯಾವ ಬಂದರೂ ಇರಲಿಲ್ಲ. ಹೊರಟ ಎರಡನೆಯ ವಾರದಲ್ಲಿ ಕುಕ್ಕಣ್ಣ ಕೇರಂಗೆ ಬರುವುದನ್ನು ನಿಲ್ಲಿಸಿದ. ಸೊಂಟ ಹಿಡಿದಿದೆ ಎಂದ. ಅವನ ಜಾಗದಲ್ಲಿ, ಅಧಿಕಾರಿಗಳ ಊಟ ಬಡಿಸುವ ಸ್ಟುವರ್ಡ್ ಕೂತ. ಬೋಸನ್ ಮತ್ತು ಸ್ಟುವರ್ಡ್ ಒಂದು ಕಡೆ, ಗ್ರೀಸರ್ ಮತ್ತು ಫಿಟ್ಟರ್ ಇನ್ನೊಂದು ಕಡೆ.

ಮೊದಲ ದಿನ ಗ್ರೀಸರ್ ಗೆದ್ದ. ಕುಕ್ಕಣ್ಣನಿಲ್ಲದ ಫಲ ಎಂದುಕೊಂಡ. ಎರಡನೆಯ ದಿನವೂ ಗೆದ್ದ. ಸಂತೋಷದಿಂದ ಅಡುಗೆಮನೆಗೆ ಓಡಿ, "ಕುಕ್ಕಣ್ಣ, ಸೊಂಟ ಸರಿಮಾಡ್ಕೊಂಡು ಬಾ, ಈಗ ನಿನಗೂ ಕಲಿಸ್ತೀನಿ" ಎಂದ. ಕುಕ್ಕಣ್ಣ ತಿರುಗಿ ನೋಡಲಿಲ್ಲ. ಈರುಳ್ಳಿ ಹೆಚ್ಚುತ್ತ, "ಹೋಗಯ್ಯ, ಕೆಲಸ ಇದೆ" ಎಂದ. ಅವನ ಬಾಯಿಂದ ಒಂದು ಕುಹಕವೂ ಬರಲಿಲ್ಲವಲ್ಲ ಎಂದು ಗ್ರೀಸರ್‌ಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಮರುದಿನ. ಅವನ ಎಣ್ಣೆ ಹಿಡಿದ ಬಟ್ಟೆಗಳನ್ನು ಯಾರೋ ಒಗೆದು ಹರವಿದ್ದರು. ವಿಚಾರಿಸಿದರೆ ಫಿಟ್ಟರ್, "ನಂದು ಒಗೀತಿದ್ದೆ, ಜೊತೆಗೆ ಹಾಕ್ದೆ" ಎಂದ. ಫಿಟ್ಟರ್ ತನ್ನ ಬಟ್ಟೆಯನ್ನೇ ಒಗೆಯದ ಆಸಾಮಿ. ಊಟದಲ್ಲಿ ಅವನ ತಟ್ಟೆಗೆ ಮೀನಿನ ನಡುತುಂಡು ಬಿತ್ತು. ಎಂಜಿನ್ನಿನ ಸಾಹೇಬರು ಬೈಯುವ ಕಡೆ ಬೈಯಲಿಲ್ಲ. ಸಂಜೆ ಬೋರ್ಡಿನ ಮೇಲೆ ರಾಣಿ ಗುಂಡಿಯ ಬಾಯಲ್ಲಿತ್ತು. ಅದಕ್ಕೂ ಮುಂಚೆ ಬೋಸನ್‌ಗೆ ಅದನ್ನು ಹಾಕುವ ಸರದಿ ಬಂದಿತ್ತು. ಕುರುಡನೂ ಹಾಕಬಹುದಾದ ಕಾಯಿ. ಬೋಸನ್ ಹಡಗು ಸಮನಾಗುವ ತನಕ ಕಾದು, ಆಮೇಲೂ ಕಾದು, ವಾಲಿದ ಮೇಲೆ ಹೊಡೆದ. ಬೇಕೆಂದೇ ತಪ್ಪಿಸಿದ. ಗ್ರೀಸರ್ ರಾಣಿಯನ್ನು ಹಾಕಿದ. "ಭಲೇ!" ಎಂದು ಮೂವರೂ ಒಟ್ಟಿಗೆ ಕೂಗಿದರು, ಯಾರೋ ಹೇಳಿಕೊಟ್ಟ ಹಾಗೆ.

ಗ್ರೀಸರ್ ಮೂವರ ಮುಖಗಳನ್ನೂ ನೋಡಿದ. ಕುಕ್ಕಣ್ಣನ ಜೋಕಿಗೆ ನಗುವಾಗ ತನ್ನ ಮುಖ ಹೇಗಿದ್ದಿರಬೇಕು ಎಂಬುದು ಅವನಿಗೆ ಆಗ ಕಾಣಿಸಿತು.

ಕೇಳಿಬಿಡಬಹುದಿತ್ತು. ಯಾರು ಸತ್ತರು ಎಂದು ಎರಡು ಮಾತು ಆಡಿದ್ದರೆ ಬೋಸನ್ ಸುಳ್ಳು ಹೇಳುವಷ್ಟು ಗಟ್ಟಿಗನಲ್ಲ. ಗ್ರೀಸರ್ ಕೇಳಲಿಲ್ಲ. ಕೇಳದಿದ್ದಷ್ಟು ಹೊತ್ತು ಮನೆಯಲ್ಲಿ ಮೂವರೂ ಇದ್ದರು. "ಇವತ್ತಿಗೆ ಸಾಕು, ಕಣ್ಣೆಳೀತಿದೆ" ಎಂದು ಎದ್ದು, ಹಿಂದಿನ ಡೆಕ್ಕಿಗೆ ಹೋಗಿ ಹಗ್ಗದ ಸುರುಳಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಫಿಟ್ಟರ್ ಸಿಗರೇಟು ಹಚ್ಚಿಕೊಂಡು ಬಂದು ಅಷ್ಟು ದೂರದಲ್ಲಿ ನಿಂತ. ಫಿಟ್ಟರ್ ಸಿಗರೇಟು ಬಿಟ್ಟು ವರ್ಷವಾಗಿತ್ತು.

ಮಾರನೆಯ ಮಧ್ಯಾಹ್ನ ಗ್ರೀಸರ್ ರೇಡಿಯೋ ಸಾಹೇಬರ ಕೋಣೆಯ ಬಾಗಿಲಿಗೆ ಹೋದ. ಕೆಳಗಿನ ಕೆಲಸದವರು ಅಲ್ಲಿಗೆ ಹೋಗುವ ವಾಡಿಕೆಯಿಲ್ಲ, ಹೋದರೆ ಸಾಹೇಬರು ತಲೆಯೆತ್ತದೆ, "ಏನು?" ಎನ್ನುತ್ತಿದ್ದರು. ಅಂದು ಅವನನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತರು.

"ಬಾ ಬಾ. ಕೂತ್ಕೋ. ಟೀ ಕುಡೀತೀಯಾ?"

ಸಾಹೇಬರು ತನಗೆ ಎದ್ದು ನಿಂತದ್ದನ್ನು ನೋಡಿದ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಯಾರು ಎಂಬುದೊಂದು ಉಳಿದಿತ್ತು.

"ಇಲ್ಲ ಸಾರ್. ಹವಾಮಾನ ಹೇಗಿದೆಯಂತೆ ಅಂತ ಕೇಳೋಣ ಅಂತ..."

"ಚೆನ್ನಾಗಿದೆ. ತುಂಬ ಚೆನ್ನಾಗಿದೆ" ಎಂದರು ಸಾಹೇಬರು, ಅವನ ಕಣ್ಣು ತಪ್ಪಿಸಿ.

ಆಮೇಲಿನ ದಿನಗಳ ಬಿಡುವನ್ನು ಅವನು ಕಳೆದದ್ದು ಹೇಗೆಂದು ಯಾರಿಗೂ ತಿಳಿಯದು. ನೋಡುವವರಿಗೆ ಅವನು ಎಂದಿನಂತೆ ಹಗ್ಗದ ಸುರುಳಿಯ ಮೇಲೆ ಕೂತು, ಹಡಗಿನ ಹಿಂದೆ ನೊರೆ ಬಿಚ್ಚಿಕೊಳ್ಳುವುದನ್ನು ನೋಡುತ್ತಿದ್ದ. ಒಳಗೆ ಮೂವರನ್ನೂ ಸಾಲಾಗಿ ನಿಲ್ಲಿಸಿಕೊಂಡಿದ್ದ. ಮಗಳ ಬಳಿ ಮನಸ್ಸು ಹೋಗುತ್ತಲೇ ಇರಲಿಲ್ಲ. ಹೋದರೆ ಬಿಸಿ ಪೈಪು ಮುಟ್ಟಿದಂತೆ ಹಿಂದಕ್ಕೆ ಬರುತ್ತಿತ್ತು. ಹೆಂಡತಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆದರೆ ರಸ್ತೆ ದಾಟುವಾಗ ಅವಳು ಎಡಬಲ ನೋಡುವವಳಲ್ಲ. ಅಕ್ಕನಿಗೆ ಉಬ್ಬಸ. ಬಟ್ಟೆಯ ಧೂಳು ಕುಡಿದು ಕುಡಿದು ಎದೆ ಗೊರಗೊರ ಎನ್ನುತ್ತಿತ್ತು. ಹೊರಡುವ ದಿನ ಅವನ ಬ್ಯಾಗಿಗೆ ಹೊಸ ಜಿಪ್ಪು ಹೊಲಿದುಕೊಟ್ಟು, ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲವೆಂದು ಅವನ ಕೈಯಲ್ಲೇ ಪೋಣಿಸಿಕೊಂಡಿದ್ದಳು.

ಅಕ್ಕನೇ ಆಗಿರಲಿ.

ಆ ಮಾತು ಬಾಗಿಲು ತೆರೆದಿದ್ದ ಮನೆಗೆ ನಾಯಿ ನುಗ್ಗುವಂತೆ ಒಳಗೆ ಬಂತು. ಅವನು ಹಚಾ ಎಂದು ಅಟ್ಟಿದ. ಹೊಸಿಲಾಚೆ ಹೋಗಿ ಅದು ಮತ್ತೆ ಕೂತಿತು. ಅಕ್ಕನಿಗೆ ವಯಸ್ಸಾಗಿದೆ, ಅಕ್ಕ ನರಳುತ್ತಿದ್ದಾಳೆ, ಅಕ್ಕನಿಗೆ ಬಿಡುಗಡೆ ಎಂದು ಒಂದೊಂದೇ ನೆವ ಹೇಳಿಕೊಂಡು ಅದು ಮತ್ತೆ ಮತ್ತೆ ಬಂತು. ನಿಜಕ್ಕೂ ಅಕ್ಕನಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ಬೇಗ ಮುದುಕಿಯಾಗಿದ್ದಳು ಅಷ್ಟೆ, ಅದೂ ಅವನಿಗಾಗಿ. ಅವಳ ಮದುವೆಗೆ ಒಂದು ಸಂಬಂಧ ಬಂದಾಗ, ತಮ್ಮನನ್ನು ಜೊತೆಗೆ ಕರೆತರುವುದು ಬೇಡ ಎಂದಿದ್ದರು ಗಂಡಿನ ಕಡೆಯವರು. ಸರಿ, ನಾನೂ ಬರಲ್ಲ ಎಂದು ಎದ್ದು ಹೋಗಿ ಮಿಷನ್ ತುಳಿಯಲು ಕೂತಿದ್ದಳು. ಅದೇ ತಮ್ಮ ಈಗ ನಡುಸಮುದ್ರದಲ್ಲಿ ಕೂತು, ತಿನ್ನಲು ಉಣ್ಣಲು ಯಾವ ಕೊರತೆಯೂ ಇಲ್ಲದೆ, ಸಾಯುವವರ ಸಾಲಿನಲ್ಲಿ ಅವಳನ್ನು ಮುಂದಕ್ಕೆ ದಬ್ಬುತ್ತಿದ್ದಾನೆ. ಕೆಲಸವಿದ್ದವನಿಗೆ ಇಂಥ ಯೋಚನೆ ಬರುವುದೇ? ಅವನು ಬೇಗಬೇಗ ಕೆಳಗಿಳಿದ. ಅವನ ಪಾಳಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

"ಈಗಲೇ ಯಾಕೆ ಬಂದೆ? ಹೋಗು, ಮೇಲೆ ಆರಾಮಾಗಿ ಆಟ ಆಡು" ಎಂದು ಎಂಜಿನ್ನಿನ ಸಾಹೇಬರು ಬೆನ್ನು ತಟ್ಟಿ ಕಳಿಸಿದರು.

ಅವನಿಗೆ ರೇಗಿತು. ಗೆಲ್ಲುವುದನ್ನು ನಿಲ್ಲಿಸಿದರೆ ಇದೆಲ್ಲ ನಿಲ್ಲುತ್ತದೆ ಎಂಬ ಹುಚ್ಚು ಲೆಕ್ಕ ತಲೆಗೆ ಹೊಕ್ಕಿತು. ತಾನು ಸೋತರೆ ಹಳೆಯ ದಿನಗಳು ಬರುತ್ತವೆ, ಬೋಸನ್ ಅಣಕಿಸುತ್ತಾನೆ, ಫಿಟ್ಟರ್ ಕೊಳಕು ಬಟ್ಟೆಯಲ್ಲೇ ಓಡಾಡುತ್ತಾನೆ, ಮನೆಯಲ್ಲಿ ಏನೂ ಆಗಿರುವುದಿಲ್ಲ. ಅಂದು ಸಂಜೆ ಹಠ ತೊಟ್ಟು ಬೋರ್ಡಿನ ಮುಂದೆ ಕೂತ.

ಅಂಥ ಆಟವನ್ನು ಯಾವ ಊಟದ ಕೋಣೆಯೂ ಕಂಡಿರಲಾರದು. ಗ್ರೀಸರ್ ತನ್ನ ಕಾಯಿ ಬಿಟ್ಟು ಬೋರ್ಡಿನ ಗೋಡೆಗೆ ಹೊಡೆದ. ಬೋಸನ್ ಕೂಡ ಗೋಡೆಗೆ ಹೊಡೆದ. ಸ್ಟುವರ್ಡ್ ಸ್ಟ್ರೈಕರನ್ನೇ ಗುಂಡಿಗೆ ಹಾಕಿ "ಅಯ್ಯೋ" ಎಂದ. ಗ್ರೀಸರ್ ಎದುರಾಳಿಯ ಕಾಯಿಯನ್ನು ಗುಂಡಿಯ ಬಾಯಿಗೆ ತಂದು ಒಪ್ಪಿಸಿದ. ಸ್ಟುವರ್ಡ್ ಅದನ್ನು ಜೋಪಾನವಾಗಿ ಬೋರ್ಡಿನ ನಡುವಿಗೆ ಕಳಿಸಿದ. ಗೆಲ್ಲಬೇಕೆಂದು ಆಡುತ್ತಿದ್ದವನು ಫಿಟ್ಟರ್ ಒಬ್ಬನೇ, ಅದೂ ಗ್ರೀಸರ್ ಗೆಲ್ಲಲೆಂದು. ಅವನಿಗೋ ಆಟ ಬಾರದು. ಬೆವರು ಅವನ ಮೂಗಿನ ತುದಿಯಿಂದ ಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಸರಿಯಾಗಿ ಹೊಡಿ ಬೋಸನ್" ಎಂದ ಗ್ರೀಸರ್.

"ಸರಿಯಾಗೇ ಹೊಡೀತಿದೀನಲ್ಲ. ಕೈ ಸರಿಯಿಲ್ಲ ಇವತ್ತು."

"ವಾರದಿಂದ ಸರಿಯಿಲ್ವಾ?"

"ವಯಸ್ಸಾಯ್ತಪ್ಪ."

"ಸ್ಟುವರ್ಡಿಗೂ ವಯಸ್ಸಾಯ್ತಾ?"

ಸ್ಟುವರ್ಡ್ ನಗಲು ನೋಡಿದ. ತುಟಿ ಅರ್ಧಕ್ಕೇ ನಿಂತಿತು. ಕಾಯಿಗಳು ಬೋರ್ಡಿನ ಮೇಲೆ ಸುಮ್ಮನೆ ಅತ್ತಿಂದಿತ್ತ ತಿರುಗುತ್ತಿದ್ದವು. ಒಂದೂ ಒಳಗೆ ಹೋಗುತ್ತಿರಲಿಲ್ಲ.

ಬಾಗಿಲಲ್ಲಿ ಕುಕ್ಕಣ್ಣ ನಿಂತಿದ್ದ. ಯಾವಾಗ ಬಂದನೋ. ಒದ್ದೆ ಕೈ ಒರೆಸಿಕೊಳ್ಳುತ್ತ ಆ ಆಟವನ್ನು ನೋಡಿದ. ಅವನ ಮುಖ ಕೆಂಪಗಾಗಿತ್ತು.

"ಏಳೋ" ಎಂದ ಸ್ಟುವರ್ಡಿಗೆ.

"ಕುಕ್ಕಣ್ಣ, ನಿನ್ನ ಸೊಂಟ..." ಎಂದು ಬೋಸನ್ ತಡೆಯಲು ನೋಡಿದ.

"ನನ್ನ ಸೊಂಟಕ್ಕೆ ಏನೂ ಆಗಿಲ್ಲ."

ಅವನು ಕೂತು, ಸ್ಟ್ರೈಕರ್ ಇಟ್ಟು, ಹಡಗು ವಾಲುವುದನ್ನು ಕಾದ. ಒಂದು ಬದಿಗೆ ಬಂತು. ಇನ್ನೊಂದು ಬದಿಗೆ ಹೊರಟಿತು. ನಡುವಿನ ಗಳಿಗೆಯಲ್ಲಿ ಹೊಡೆದ. ಕಾಯಿ ಠಣ್ ಎಂದು ಬಿತ್ತು. ಮತ್ತೊಂದು. ಮತ್ತೊಂದು. ಯಾರ ಮುಖವನ್ನೂ ನೋಡದೆ, ಬಾಯಿಯಲ್ಲಿ ಒಂದು ಮಾತಿಲ್ಲದೆ ಬೋರ್ಡನ್ನು ಬಳಿದು ಮುಗಿಸಿದ. ಕೊನೆಗೆ ರಾಣಿಯನ್ನು ಹಾಕಿ, ಅದರ ಹಿಂದೆಯೇ ತನ್ನ ಕಾಯಿ ಕಳಿಸಿದ. ಗ್ರೀಸರ್‌ಗೆ ಕೈಯಾಡಿಸುವ ಸರದಿಯೂ ಸಿಗಲಿಲ್ಲ.

"ನೀನು ಸೋತೆ" ಎಂದ ಕುಕ್ಕಣ್ಣ.

"ಹೂಂ" ಎಂದ ಗ್ರೀಸರ್. ವಾರದಿಂದ ಯಾರೂ ಅವನನ್ನು ಮನುಷ್ಯನ ಹಾಗೆ ನೋಡಿರಲಿಲ್ಲ. "ಯಾರು ಕುಕ್ಕಣ್ಣ?"

"ಬೇಡ" ಎಂದ ಬೋಸನ್. "ಸಾಹೇಬರಿಗೆ ಏನು ಹೇಳ್ತೀಯ ಆಮೇಲೆ?"

"ಸಾಹೇಬರು ಬೈದ್ರೆ ನಾನು ಬೈಸ್ಕೋತೀನಿ." ಕುಕ್ಕಣ್ಣ ಗ್ರೀಸರನ ಕಣ್ಣನ್ನೇ ನೋಡಿದ. "ನಿಮ್ಮಕ್ಕ ಕಣಯ್ಯ. ಹೋದ ವಾರ. ಮಲಗಿದ್ದಲ್ಲೇ."

ಗ್ರೀಸರನ ಎದೆಯಿಂದ ದೊಡ್ಡದೊಂದು ಉಸಿರು ಹೊರಗೆ ಬಂತು. ಬೆನ್ನಿನ ಮೂಟೆ ಇಳಿಸಿದ ಹಮಾಲಿಯ ಉಸಿರು ಅದು. ಭುಜಗಳು ಸಡಿಲಾದವು. ಮಗಳಿದ್ದಾಳೆ. ಹೆಂಡತಿ ಇದ್ದಾಳೆ. ಆ ಕ್ಷಣ ಅವನಿಗೆ ಬೇರೇನೂ ಕಾಣಲಿಲ್ಲ. ಉಸಿರು ಪೂರ್ತಿ ಹೊರಗೆ ಹೋದಮೇಲೆ, ಹೊರಗೆ ಹೋದದ್ದು ಏನೆಂದು ಅವನಿಗೆ ತಿಳಿಯಿತು. ಅದನ್ನು ಒಳಗೆ ಎಳೆದುಕೊಳ್ಳಲು ಬರುವಂತಿದ್ದರೆ ಎಳೆದುಕೊಳ್ಳುತ್ತಿದ್ದ. ಬಾಯಿ ತೆರೆದದ್ದು ಹಾಗೇ ಇತ್ತು.

ಫಿಟ್ಟರ್ ಅತ್ತುಬಿಟ್ಟ. ಬೋಸನ್ ಎದ್ದು ಬಂದು ಗ್ರೀಸರನ ಹೆಗಲ ಮೇಲೆ ಕೈಯಿಟ್ಟ. ಕುಕ್ಕಣ್ಣ ಮಾತ್ರ ಕೂತಲ್ಲೇ ಇದ್ದ. ಆ ಉಸಿರನ್ನು ಅವನು ಕಂಡಿದ್ದ. ಉಳಿದವರನ್ನು ಕಣ್ಸನ್ನೆಯಲ್ಲೇ ಹೊರಗೆ ಕಳಿಸಿದ.

"ನಾನು ಅವಳೇ ಆಗಿರಲಿ ಅಂದ್ಕೊಂಡಿದ್ದೆ" ಎಂದ ಗ್ರೀಸರ್. "ದಿನಾ ಅಂದ್ಕೊಂಡೆ ಕುಕ್ಕಣ್ಣ. ಬೇಡ ಬೇಡ ಅಂತಾನೇ ಅಂದ್ಕೊಂಡೆ."

ಕುಕ್ಕಣ್ಣ ಗುಂಡಿಯಿಂದ ರಾಣಿಯನ್ನು ತೆಗೆದು ಬೋರ್ಡಿನ ನಡುವೆ ಇಟ್ಟ.

"ನೀನು ಅಂದ್ಕೊಳ್ಳೋಕೆ ಮುಂಚೇನೇ ಅವರು ಹೋಗಿದ್ರು" ಎಂದ.

ಅದು ನಿಜವಾಗಿತ್ತು. ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಎಂಬುದೂ ಗ್ರೀಸರ್‌ಗೆ ತಿಳಿಯಿತು. ಆದರೂ ಅದು ಅವನಿಗೆ ತಾಗಲಿಲ್ಲ. ಅಕ್ಕ ಆಗಲೇ ಹೋಗಿದ್ದಳು, ಸರಿ. ಇದ್ದಿದ್ದರೂ ತಾನು ಅವಳತ್ತಲೇ ಬೆರಳು ತೋರಿಸುತ್ತಿದ್ದ.

ದಡ ಇನ್ನೂ ದೂರವಿತ್ತು. ಕುಕ್ಕಣ್ಣನಿಗೆ ತೊಂದರೆಯಾಗದಿರಲೆಂದು ನಾಲ್ವರೂ ಬಾಯಿ ಬಿಗಿದುಕೊಂಡರು. ಬಂದರಿನ ಹಿಂದಿನ ದಿನ ಕ್ಯಾಪ್ಟನ್ ಸಾಹೇಬರು ಗ್ರೀಸರನನ್ನು ಕರೆಸಿ, ಕೂರಿಸಿ, ಮೆಲುದನಿಯಲ್ಲಿ ಹೇಳಿದರು. ಅವನು ಈಗಷ್ಟೇ ಕೇಳಿದವನಂತೆ ತಲೆ ತಗ್ಗಿಸಬೇಕಾಯಿತು. ಎಷ್ಟು ತಗ್ಗಿಸಿದರೆ ಸಾಕು, ಯಾವಾಗ ಕಣ್ಣೊರೆಸಿಕೊಳ್ಳಬೇಕು ಎಂದು ಯೋಚಿಸುತ್ತ ಕೂತಿದ್ದ. ಸಾಹೇಬರು ಒಳ್ಳೆಯವರು. "ನಿನ್ನನ್ನ ಸಂತೋಷವಾಗಿಡೋಕೆ ಎಲ್ಲರೂ ಪ್ರಯತ್ನಪಟ್ರು" ಎಂದರು. "ಹೌದು ಸಾರ್" ಎಂದ ಅವನು.

ಬಂದರಿನ ಗೇಟಿನ ಹೊರಗೆ ಫೋನಿನ ಅಂಗಡಿಯೊಂದಿತ್ತು. ಗಾಜಿನ ಗೂಡು, ಒಳಗೆ ಒಂದು ಸ್ಟೂಲು, ಹೊರಗೆ ನಾನಾ ಹಡಗಿನವರ ಸಾಲು. ಅವನ ಸರದಿ ಬಂತು. ಆ ಕಡೆ ಹೆಂಡತಿಯ ದನಿ ಕೇಳಿದ್ದೇ ಮತ್ತೆ ಅದೇ ಹಗುರ ಎದೆಯಲ್ಲಿ ಏಳುತ್ತಿರುವುದು ಗೊತ್ತಾಗಿ, ಹಲ್ಲು ಕಚ್ಚಿ ಹಿಡಿದ.

"ನಿಮಗೆ ಹೇಳಿದ್ರಾ?" ಎಂದಳು.

"ಹೂಂ. ನಿನ್ನೆ."

ಅವಳು ಅತ್ತಳು. ಬೆಳಿಗ್ಗೆ ಟೀ ಕೊಡಲು ಹೋದದ್ದು, ಎಬ್ಬಿಸಿದರೆ ಏಳದೇ ಇದ್ದದ್ದು, ಪಕ್ಕದ ಮನೆಯವರನ್ನು ಕರೆದದ್ದು, ಮಗಳು ಶಾಲೆಗೆ ಹೋಗಲು ಈಗಲೂ ಒಪ್ಪದೇ ಇರುವುದು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಅವನು ಹೂಂಗುಟ್ಟುತ್ತಿದ್ದ. ಆಮೇಲೆ ಅವಳ ದನಿ ತಗ್ಗಿತು.

"ನಾವಿಬ್ರೂ ಎಷ್ಟು ಜಗಳ ಆಡಿದ್ವು ನಿಮಗೇ ಗೊತ್ತು. ಆದ್ರೂ ಆವತ್ತು ಅತ್ತಿಗೆ ಬದಲು ನಾನಾದ್ರೂ ಹೋಗಬಾರದಿತ್ತಾ ಅನ್ನಿಸಿಬಿಡ್ತು ರೀ. ನೀವು ಬಂದು ನನ್ನ ಮುಖ ನೋಡಿದ್ರೆ ಏನು ಮಾಡ್ಲಿ? ನಿಮಗೆ ಅವರೊಬ್ಬರಿದ್ರೆ ಸಾಕಿತ್ತು. ನಂಗೊತ್ತು, ನೀವು ಬಾಯಿಬಿಟ್ಟು ಹೇಳಲ್ಲ."

ಅಲ್ಲ ಎನ್ನಲು ಅವನ ಬಳಿ ಮಾತಿತ್ತು. ಹಡಗಿನಲ್ಲಿ ದಿನವೂ ಅಂದುಕೊಂಡಿದ್ದ ಆ ಒಂದು ಮಾತು ಹೇಳಿದ್ದರೆ ಅವಳ ಎಷ್ಟೋ ವರ್ಷಗಳ ಸಂಕಟ ಅಲ್ಲೇ ಕರಗಿಹೋಗುತ್ತಿತ್ತು. ಅವನು ಬಾಯಿ ತೆರೆದ. ಹೊರಗೆ ಸಾಲಿನಲ್ಲಿದ್ದವನು ಗಾಜಿನ ಮೇಲೆ ನಾಣ್ಯದಿಂದ ಕುಟ್ಟಿದ.

"ಹಾಗೆಲ್ಲ ಅನ್ನಬೇಡ" ಎಂದ. "ಮಗು ಕೈಗೆ ಫೋನ್ ಕೊಡು."